ಚಳಿಗಾಲದ ಚಾರಣ ಸಾಕಪ್ಪಾ ಅನಿಸಿದವರಿಗೆ

ಶೂ ಇಟ್ಟ ಜಾಗದಲ್ಲೇ ಇದೆ. ಜಾಕೆಟ್ ಮೊಳೆಗೆ ನೇತಾಡುತ್ತಿದೆ. ರಜೆಯ ದಿನ ಬೆಳಿಗ್ಗೆ ಅಲಾರಂ ಹೊಡೆದುಕೊಳ್ಳುತ್ತದೆ, ಕಿಟಕಿಯಾಚೆ ಬೂದು ಬೆಳಕು ಕಾಣುತ್ತದೆ, ಕೈ ತಾನಾಗಿಯೇ ಅಲಾರಂ ಆರಿಸಿ ಮತ್ತೆ ರಗ್ಗಿನೊಳಗೆ ಸೇರಿಕೊಳ್ಳುತ್ತದೆ. ಒಂದು ವಾರ ಹೀಗಾದರೆ ಸುಸ್ತು ಅನ್ನಬಹುದು. ನನಗೆ ಎರಡು ಚಳಿಗಾಲ ಪೂರ್ತಿ ಹೀಗೇ ಆಯಿತು. ಅದಕ್ಕೂ ಮುಂಚೆ, ಹಿಮ ಬಿದ್ದಿದೆ ಅಂತ ಕೇಳಿದರೆ ರಾತ್ರಿಯೇ ಬ್ಯಾಗ್ ಕಟ್ಟಿಡುತ್ತಿದ್ದವನು ನಾನು.

ಮನಸ್ಸು ಗಟ್ಟಿ ಮಾಡು, ಎದ್ದು ಹೋಗು ಅಂತ ಎಲ್ಲರೂ ಹೇಳಿದರು. ಗಟ್ಟಿ ಮಾಡಿಕೊಂಡು ಒಂದು ಸಲ ಹೋದೆ ಕೂಡ. ವಾಪಸ್ ಬಂದಾಗ ಮೊದಲಿಗಿಂತ ಜಾಸ್ತಿ ಬೇಜಾರು. ಯಾಕೆ ಬೇಡ ಅನಿಸುತ್ತಿತ್ತೋ ಆ ಕಾರಣ ದಾರಿಯುದ್ದಕ್ಕೂ ನನ್ನ ಜೊತೆಗೇ ಬಂದಿತ್ತು, ಅಷ್ಟೇ.

ಹಾಗಾಗಿ ಹೊರಡುವ ಮುಂಚೆ ಒಂದು ಕೆಲಸ ಮಾಡಿ. ಮನೆಯಲ್ಲೇ ಬೆಚ್ಚಗೆ ಕೂತು ಕೊನೆಯ ಎರಡು ಮೂರು ಚಾರಣಗಳನ್ನು ನೆನಪಿಸಿಕೊಳ್ಳಿ. ಯಾವ ಗಳಿಗೆಯಲ್ಲಿ 'ಇದೆಲ್ಲ ಯಾಕೆ ಬೇಕಿತ್ತು' ಅನಿಸಿತು? 'ಚಳಿ ಇತ್ತು' ಅಂತ ಬರೆದರೆ ಉಪಯೋಗವಿಲ್ಲ. ಎಲ್ಲಿ ಚಳಿ, ಯಾವಾಗ ಚಳಿ, ಆಗ ಏನು ಮಾಡುತ್ತಿದ್ದಿರಿ ಅಂತ ಬರೆಯಿರಿ. ನನ್ನದು ಪ್ರತಿ ಸಲವೂ ಒಂದೇ ಆಗಿತ್ತು. ಹತ್ತುವಾಗ ಬೆವರಿ ಗ್ಲೌಸ್ ಒದ್ದೆಯಾಗುತ್ತಿತ್ತು. ನಿಂತ ಕೂಡಲೇ ಬೆರಳು ಮರಗಟ್ಟುತ್ತಿತ್ತು. ಜಿಪ್ ಎಳೆಯಲು ಆಗುತ್ತಿರಲಿಲ್ಲ, ಫ್ಲಾಸ್ಕ್ ಮುಚ್ಚಳ ತಿರುಗಿಸಲು ಆಗುತ್ತಿರಲಿಲ್ಲ, ಅಲ್ಲಿಂದ ಮುಂದೆ ಬೆಟ್ಟ ಎಷ್ಟು ಚೆನ್ನಾಗಿದ್ದರೇನು, ನನ್ನ ಗಮನವೆಲ್ಲ ಹತ್ತು ಬೆರಳುಗಳ ಮೇಲೆ. ಬೆಟ್ಟದ ಮೇಲಿನ ಪ್ರೀತಿಯೇ ಹೋಯಿತು ಅಂತ ಎರಡು ವರ್ಷ ಕೊರಗಿದೆನಲ್ಲ, ಬ್ಯಾಗಿನಲ್ಲಿ ಇನ್ನೊಂದು ಜೊತೆ ಒಣ ಗ್ಲೌಸ್ ಇದ್ದಿದ್ದರೆ ಅರ್ಧ ಸಮಸ್ಯೆ ಮುಗಿಯುತ್ತಿತ್ತು.

ನಿಮ್ಮದು ಬೇರೆ ಇರಬಹುದು. ಕತ್ತಲಲ್ಲಿ ಇಳಿಯುವ ಭಯ ಇರಬಹುದು, ಜಾರುವ ಭಯ ಇರಬಹುದು, ಜೊತೆಯವರು ಬೇಗ ಬೇಗ ನಡೆದು ನಿಮ್ಮನ್ನು ಹಿಂದೆ ಬಿಟ್ಟಿದ್ದಿರಬಹುದು. ಅದನ್ನು ಹಿಡಿದರೆ ಮುಂದಿನದು ಸುಲಭ.

ಇನ್ನೊಂದು ಕಾರಣ ಬಹಳ ಜನರಲ್ಲಿ ನೋಡಿದ್ದೇನೆ, ನನ್ನಲ್ಲೂ ಇತ್ತು. ಲೆಕ್ಕದ ಚಟ. ಎಷ್ಟು ಕಿಲೋಮೀಟರ್, ಎಷ್ಟು ಏರು, ಎಷ್ಟು ಹೊತ್ತು. ಬೇಸಿಗೆಯ ಅಂಕಿ ಇಟ್ಟುಕೊಂಡು ಚಳಿಗಾಲದಲ್ಲಿ ನಡೆದರೆ ಸೋಲು ಖಚಿತ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸರಳ ಲೆಕ್ಕ ಕೊಟ್ಟಿದ್ದ, ಇವತ್ತಿಗೂ ಜನ ಅದನ್ನೇ ಬಳಸುತ್ತಾರೆ: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ 10 ಕಿಲೋಮೀಟರ್ ದಾರಿ, 600 ಮೀಟರ್ ಏರು ಇದ್ದರೆ ಮೂರು ಗಂಟೆ. ಆದರೆ ಇದು ಒಳ್ಳೆಯ ದಾರಿಯ ಮಾತು. ಮೊಣಕಾಲುದ್ದ ಹೊಸ ಹಿಮದಲ್ಲಿ ನೀವೇ ಮೊದಲು ಹೆಜ್ಜೆ ಊರುತ್ತಾ ಹೋಗಬೇಕಾದರೆ ಅದರ ದುಪ್ಪಟ್ಟು ಹಿಡಿದರೂ ಆಶ್ಚರ್ಯವಿಲ್ಲ. ಹಿಮದಲ್ಲಿ 4 ಕಿಲೋಮೀಟರ್ ಚೆನ್ನಾಗಿ ನಡೆದವರು ಬೇಸಿಗೆಯ 10ಕ್ಕೆ ಹೋಲಿಸಿ ಮುಖ ಚಿಕ್ಕದು ಮಾಡಿಕೊಳ್ಳುವುದು ನೋಡಿದರೆ ಅಯ್ಯೋ ಅನಿಸುತ್ತದೆ. ವಾಚಿನ ಆಪ್ ಈ ಸೀಸನ್ ಪೂರ್ತಿ ಆಫ್ ಮಾಡಿ. ನಕ್ಷೆಗೆ ಫೋನ್ ಬೇಕು, ಸರಿ, ಅಂಕಿಗೆ ಬೇಡ.

ಈಗ ಹೊರಡೋಣ. ಮೊದಲ ಸಲಕ್ಕೆ ಗೊತ್ತಿರುವ ದಾರಿಯನ್ನೇ ಆರಿಸಿ. ತೀರಾ ಚಿಕ್ಕದು, ನಾಚಿಕೆಯಾಗುವಷ್ಟು ಚಿಕ್ಕದು. ಹೋಗಿ ಬರಲು ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ನಸುಕಿನಲ್ಲಿ ಏಳುವ ಶೌರ್ಯ ಬೇಡ, ದಾರಿ ಚಿಕ್ಕದಿದ್ದರೆ ಹನ್ನೊಂದು ಗಂಟೆಗೆ ಹೊರಟರೂ ನಡೆಯುತ್ತದೆ, ದಿನದ ಬೆಚ್ಚನೆಯ ಹೊತ್ತು ಸಿಗುತ್ತದೆ. ಶಿಖರ ಬೇಡ. ಒಂದು ಮರ, ಒಂದು ತೊರೆ, ಒಂದು ಬಂಡೆ, ಅಲ್ಲಿಯವರೆಗೆ ಹೋಗಿ ಬಿಸಿಯಾಗಿ ಏನಾದರೂ ಕುಡಿದು ವಾಪಸ್. ಮುಖ್ಯವಾದದ್ದು ಇದು: ಇನ್ನೂ ಸ್ವಲ್ಪ ಹೋಗಬಹುದಿತ್ತು ಅನಿಸುವಾಗಲೇ ತಿರುಗಿ. ಆ 'ಸ್ವಲ್ಪ' ನಿಮ್ಮನ್ನು ಮುಂದಿನ ವಾರ ಎಬ್ಬಿಸುತ್ತದೆ. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ದಾರಿ ತಾನಾಗಿಯೇ ಉದ್ದವಾಗುತ್ತದೆ.

ಹೊರಟ ಮೊದಲ ಹದಿನೈದು ನಿಮಿಷ ಎಲ್ಲರಿಗೂ ಕೆಟ್ಟದಾಗಿಯೇ ಇರುತ್ತದೆ. ಮೈಚಳಿ ಬಿಟ್ಟು ಮಾಡು ಅಂತೀವಲ್ಲ, ಇಲ್ಲಿ ಅದು ನಿಜವಾದ ಚಳಿ. ಬೆಚ್ಚಗೆ ಹೊರಟರೆ ತಪ್ಪು ಮಾಡಿದಿರಿ ಅಂತಲೇ ಅರ್ಥ, ಯಾಕೆಂದರೆ ಇಪ್ಪತ್ತನೇ ನಿಮಿಷಕ್ಕೆ ಬೆವರುತ್ತೀರಿ, ಬೆವರು ಬಟ್ಟೆಗೆ ಇಳಿಯುತ್ತದೆ, ನಿಂತಾಗ ಅದೇ ಬೆವರು ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಸ್ವಲ್ಪ ನಡುಗುತ್ತಾ ಹೊರಡಿ. ಬೆವರು ಶುರುವಾಗುವ ಮುಂಚೆ ಒಂದು ಪದರ ತೆಗೆಯಿರಿ, ನಿಂತ ತಕ್ಷಣ, ಚಳಿ ಅನಿಸುವ ಮುಂಚೆಯೇ, ದಪ್ಪ ಜಾಕೆಟ್ ಮೇಲೆ ಎಳೆದುಕೊಳ್ಳಿ. ಈ ತೆಗೆಯುವುದು ಹಾಕುವುದಕ್ಕೆ ಸೋಮಾರಿತನ ಮಾಡುವವರೇ ಚಳಿಗಾಲವನ್ನು ಬೈಯುವುದು. (ಹೌದು, ನಾನೂ.)

ಮೈಗೆ ತಾಗುವ ಬಟ್ಟೆ ಹತ್ತಿಯದ್ದು ಬೇಡವೇ ಬೇಡ. ಹತ್ತಿ ನೀರು ಕುಡಿದು ಕೂರುತ್ತದೆ, ಬೇಗ ಒಣಗುವುದಿಲ್ಲ. ತೆಳು ಉಣ್ಣೆ ಅಥವಾ ಸಿಂಥೆಟಿಕ್ ಒಳಗೆ, ಫ್ಲೀಸ್ (ಮೆತ್ತನೆಯ ಬೆಚ್ಚನೆ ಸಿಂಥೆಟಿಕ್ ಬಟ್ಟೆ) ನಡುವೆ, ಗಾಳಿ ತಡೆಯುವುದು ಮೇಲೆ. ಗಾಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಥರ್ಮಾಮೀಟರಿನಲ್ಲಿ ಮೈನಸ್ 10 ಡಿಗ್ರಿ ಇದ್ದು ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 20ರ ಹತ್ತಿರದ ಚಳಿ. ಜೊತೆಗೆ ಪ್ರತಿ 1000 ಮೀಟರ್ ಮೇಲೆ ಹೋದ ಹಾಗೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಕೆಳಗಿನ ಹವಾಮಾನ ನೋಡಿ ಮೇಲಿನ ಬಟ್ಟೆ ಆರಿಸಬೇಡಿ.

ಕೈ ಕಾಲಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಮಜಾ ಹಾಳಾಗುವುದು ಇಲ್ಲೇ. ಎದೆ ಹೊಟ್ಟೆ ತಣ್ಣಗಾದರೆ ದೇಹ ಮೊದಲು ಕೈಕಾಲಿನ ರಕ್ತ ಕಡಿಮೆ ಮಾಡುತ್ತದೆ. ಹಾಗಾಗಿ ಬೆರಳು ಮರಗಟ್ಟಿದರೆ ಗ್ಲೌಸ್ ಮಾತ್ರ ನೋಡಬೇಡಿ, ಮೈಗೂ ಒಂದು ಪದರ ಹಾಕಿ. ತೋಳನ್ನು ಬುಗುರಿ ಹಾಗೆ ದೊಡ್ಡದಾಗಿ ಸುತ್ತಿಸಿ, ನೋಡುವವರು ನಗಬಹುದು, ಆದರೆ ರಕ್ತ ಬೆರಳಿಗೆ ಇಳಿಯುತ್ತದೆ. ಹತ್ತುವಾಗ ತೆಳು ಗ್ಲೌಸ್, ನಿಂತಾಗ ದಪ್ಪ ಮಿಟನ್ (ನಾಲ್ಕೂ ಬೆರಳು ಒಂದೇ ಚೀಲದಲ್ಲಿರುವ ಗ್ಲೌಸ್), ಬ್ಯಾಗಿನ ತಳದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಒಣ ಜೊತೆ. ಕಾಲಿಗೆ ಎರಡು ಸಾಕ್ಸ್ ತುರುಕಿ ಶೂ ಬಿಗಿಯಾದರೆ ಚಳಿ ಇನ್ನೂ ಜಾಸ್ತಿ. ಬೆರಳು ಒಳಗೆ ಆಡಬೇಕು. ಗಟ್ಟಿಯಾದ ಮಂಜುಗಡ್ಡೆಯ ದಾರಿಗೆ ಶೂ ಮೇಲೆ ಎಳೆದುಕೊಳ್ಳುವ, ತಳದಲ್ಲಿ ಸಣ್ಣ ಲೋಹದ ಮುಳ್ಳುಗಳಿರುವ ಮೈಕ್ರೋಸ್ಪೈಕ್ಸ್ ಇದ್ದರೆ ಜಾರುವ ಭಯ ಎಷ್ಟು ಇಳಿಯುತ್ತದೆ ಅಂದರೆ, ತಲೆ ಎತ್ತಿ ಸುತ್ತ ನೋಡಲು ಆಗುತ್ತದೆ. ಅದಕ್ಕೆ ಮುಂಚೆ ನಾನು ಚಳಿಗಾಲದಲ್ಲಿ ಬರೀ ನನ್ನ ಶೂ ನೋಡಿಕೊಂಡು ಬಂದಿದ್ದೆ.

ಸಣ್ಣಪುಟ್ಟದ್ದು ಬೇಗ ಹೇಳಿಬಿಡುತ್ತೇನೆ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಿ, ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಮುಚ್ಚಳದ ಕಡೆ ತೆರೆದಿರುತ್ತದೆ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೂ ಕುಡಿಯುತ್ತಿರಿ. ಫೋನ್ ಒಳಜೇಬಿನಲ್ಲಿರಲಿ, ಲಿಥಿಯಂ ಬ್ಯಾಟರಿ ಚಳಿಗೆ ಬೇಗ ಮಲಗುತ್ತದೆ. ಹಗಲು ಚಾರಣವಾದರೂ ಹೆಡ್‌ಲ್ಯಾಂಪ್ ಬ್ಯಾಗಿನಲ್ಲೇ ಇರಲಿ. ಬಿಸಿಲಿದ್ದರೆ ಕಪ್ಪು ಕನ್ನಡಕ, ಹೊಸ ಹಿಮ ನೇರಳಾತೀತ ಕಿರಣದಲ್ಲಿ ಶೇಕಡಾ 80ರವರೆಗೆ ವಾಪಸ್ ಎರಚುತ್ತದೆ.

ಇಷ್ಟೆಲ್ಲ ಮಾಡಿದ್ದು ಆರಾಮಕ್ಕಾಯಿತು. ಖುಷಿ ಬೇರೆ ಕಡೆಯಿಂದ ಬರಬೇಕು, ಅದಕ್ಕೆ ನೋಡಲು ಏನಾದರೂ ಇಟ್ಟುಕೊಳ್ಳಿ. ನನ್ನನ್ನು ಮತ್ತೆ ಹಿಡಿದದ್ದು ಹೆಜ್ಜೆ ಗುರುತು. ಹಿಮ ಬಿದ್ದ ಮರುದಿನ ಕಾಡು ತೆರೆದ ಪುಸ್ತಕ. ಮೊಲದ ಗುರುತಿನಲ್ಲಿ ಎರಡು ದೊಡ್ಡ ಗುರುತು ಮುಂದೆ, ಎರಡು ಚಿಕ್ಕವು ಹಿಂದೆ, ಆದರೆ ಆ ದೊಡ್ಡವು ಅದರ ಹಿಂಗಾಲು! ಜಿಗಿದಾಗ ಹಿಂಗಾಲು ಮುಂಗಾಲನ್ನು ದಾಟಿ ಮುಂದೆ ಬೀಳುತ್ತದೆ. ಇದು ಗೊತ್ತಿಲ್ಲದೆ ನಾನು ಒಂದು ಮೊಲವನ್ನು ಅರ್ಧ ಗಂಟೆ ಉಲ್ಟಾ ದಿಕ್ಕಿನಲ್ಲಿ ಹುಡುಕಿದ್ದೇನೆ. ನರಿ ಹಾಗಲ್ಲ, ಹಿಂಗಾಲನ್ನು ಮುಂಗಾಲಿನ ಗುರುತಿನಲ್ಲೇ ಇಟ್ಟು ದಾರ ಹಿಡಿದಂತೆ ನೆಟ್ಟಗೆ ಹೋಗಿರುತ್ತದೆ.

ಕಿವಿಗೂ ಕೆಲಸವಿದೆ. ಹೊಸ ಹಿಮದ ಒಳಗೆಲ್ಲ ಗಾಳಿಯ ಸಣ್ಣ ಸಣ್ಣ ಸಂದು, ಶಬ್ದ ಅಲ್ಲೇ ಇಂಗಿಹೋಗುತ್ತದೆ, ಅದಕ್ಕೇ ಆ ಮೌನ. ಚಳಿ ಮೈನಸ್ 10ಕ್ಕಿಂತ ಕೆಳಗೆ ಹೋದರೆ ಕಾಲ ಕೆಳಗೆ ಹಿಮ ಕಿರ್ ಕಿರ್ ಅನ್ನತೊಡಗುತ್ತದೆ. ಕಣಿವೆಯಲ್ಲಿ ದಿನಗಟ್ಟಲೆ ಮಂಜು ಮುಚ್ಚಿ ಮಂಕು ಹಿಡಿಸಿದ್ದರೆ ಒಮ್ಮೆ ಮೇಲಕ್ಕೆ ಹತ್ತಿ ನೋಡಿ. ಭಾರವಾದ ತಣ್ಣನೆ ಗಾಳಿ ಕೆಳಗೆ ಕೂತಿರುತ್ತದೆ, ಮೇಲೆ ಹಲವು ಸಲ ಬೆಚ್ಚಗಿನ ಬಿಸಿಲು, ಕಾಲ ಕೆಳಗೆ ಮೋಡದ ಸಮುದ್ರ.

ಸುರಕ್ಷತೆಯಲ್ಲಿ ಮಾತ್ರ ಸಲಿಗೆ ಬೇಡ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಒಬ್ಬರಿಗಾದರೂ ಹೇಳಿ. ತಿರುಗುವ ಸಮಯವನ್ನು ಮನೆಯಲ್ಲೇ ನಿಗದಿ ಮಾಡಿ, ಬೆಟ್ಟದ ಮೇಲೆ ಚೌಕಾಸಿ ಮಾಡಬೇಡಿ. ಹೆಚ್ಚಿನ ಹಿಮಕುಸಿತಗಳು (ಅವಲಾಂಚ್) 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಜಾರುತ್ತವೆ. ಅಂಥ ಇಳಿಜಾರಿನ ಮೇಲೂ ಬೇಡ, ಅದರ ಕೆಳಗೂ ಬೇಡ, ಹಿಮಕುಸಿತದ ಮುನ್ಸೂಚನೆ ಓದದೆ ಹೊರಡಲೂ ಬೇಡ. ಜೊತೆಯವರು ತಡವರಿಸಿ ಮಾತಾಡತೊಡಗಿದರೆ, ಎಡವತೊಡಗಿದರೆ, ವಸ್ತು ಕೈಜಾರಿಸತೊಡಗಿದರೆ ಅದನ್ನು ಸುಸ್ತು ಅಂತ ನಗೆಯಾಡಬೇಡಿ. ದೇಹದ ಬಿಸಿ 35 ಡಿಗ್ರಿಗಿಂತ ಕೆಳಗೆ ಇಳಿಯುವ ಹೈಪೋಥರ್ಮಿಯಾ ಶುರುವಾಗುವುದು ಹೀಗೆಯೇ. ಗಾಳಿಯಿಂದ ಮರೆಗೆ ಕರೆದೊಯ್ದು, ಒದ್ದೆ ಬಟ್ಟೆ ಬದಲಿಸಿ, ಬೆಚ್ಚಗೆ ಸುತ್ತಿ, ಸಹಾಯಕ್ಕೆ ಕರೆ ಮಾಡಿ.

ಇಷ್ಟಾದರೂ ಮನಸ್ಸು ಏಳದಿದ್ದರೆ? ಚಾರಣವಷ್ಟೇ ಬೇಡವಾಗಿದ್ದರೆ ಒಂದು ಸೀಸನ್ ಬಿಟ್ಟುಬಿಡಿ, ಬೆಟ್ಟವೇನೂ ಓಡಿ ಹೋಗುವುದಿಲ್ಲ. ಆದರೆ ಊಟ, ನಿದ್ದೆ, ಸ್ನೇಹಿತರು ಎಲ್ಲವೂ ವಾರಗಟ್ಟಲೆ ಸಪ್ಪೆ ಅನಿಸುತ್ತಿದ್ದರೆ ಅದು ಶೂ ಗ್ಲೌಸಿನ ವಿಷಯವಲ್ಲ, ಡಾಕ್ಟರ ಹತ್ತಿರ ಮಾತಾಡಿ.

ಕೊನೆಯದಾಗಿ, ಮನೆಗೆ ಬಂದ ಕೂಡಲೇ ಸೋಫಾಗೆ ಬೀಳಬೇಡಿ, ಹತ್ತು ನಿಮಿಷ ತಡೆಯಿರಿ. ಶೂ ಒಳಗೆ ಹಳೆ ಪೇಪರ್ ತುರುಕಿ, ಗ್ಲೌಸ್ ಒಣಗಲು ಹಾಕಿ, ಹೆಡ್‌ಲ್ಯಾಂಪ್ ಚಾರ್ಜಿಗಿಡಿ. ಮರುದಿನ ಎಲ್ಲ ಒಣಗಿದ ಮೇಲೆ ಬ್ಯಾಗ್ ತುಂಬಿಸಿ ಬಾಗಿಲ ಪಕ್ಕದಲ್ಲೇ ಇಡಿ. ಮುಂದಿನ ಸಲ ಅಲಾರಂ ಹೊಡೆದಾಗ ಒದ್ದೆ ಸಾಕ್ಸ್ ಹುಡುಕುವ ಕೆಲಸ ಇರುವುದಿಲ್ಲ, ಶೂ ಹಾಕಿಕೊಂಡರೆ ಆಯಿತು.