ಸಿಇಟಿ ಗಣಿತ: 80 ನಿಮಿಷದ ಲೆಕ್ಕ

ಗಣಿತದಲ್ಲಿ 60 ಪ್ರಶ್ನೆ, 80 ನಿಮಿಷ. ತಪ್ಪಿಗೆ ಅಂಕ ಕಡಿತವಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಮೊದಲ ಸುತ್ತಿನಲ್ಲಿ ಮ್ಯಾಟ್ರಿಕ್ಸ್, ವೆಕ್ಟರ್‌ನ ಚಿಕ್ಕ ಲೆಕ್ಕ ಮುಗಿಸಿ. ಇಂಟಿಗ್ರೇಷನ್ ಉದ್ದವಾಯಿತೇ? ಕೊಟ್ಟಿರುವ ಆಯ್ಕೆಗಳನ್ನೇ ಡಿಫರೆನ್ಷಿಯೇಟ್ ಮಾಡಿ ನೋಡಿ, ಎಷ್ಟೋ ಸಲ ಬೇಗ ಬಗೆಹರಿಯುತ್ತದೆ.

ಅಂಕ ಹೋಗುವುದು ಒಎಂಆರ್‌ನಲ್ಲೂ, ಅಂದರೆ ವೃತ್ತ ತುಂಬಿ ಉತ್ತರ ಗುರುತಿಸುವ ಹಾಳೆಯಲ್ಲೂ. 22ನೇ ಪ್ರಶ್ನೆ ಬಿಟ್ಟು ಮುಂದೆ ಹೋದವರು 23ರ ಉತ್ತರವನ್ನು 22ರ ವೃತ್ತಕ್ಕೇ ತುಂಬುತ್ತಾರೆ; ಅಲ್ಲಿಂದ ಎಲ್ಲವೂ ಜಾರುತ್ತದೆ, ಬಾಲ್‌ಪೆನ್ ಗುರುತು ಅಳಿಸಲು ಬರದು. ಬಿಟ್ಟ ಪ್ರಶ್ನೆಗೆ ಪ್ರಶ್ನೆಪತ್ರಿಕೆಯಲ್ಲೇ ಸುತ್ತು ಹಾಕಿ. ಧಾರವಾಡದ ದುಬಾರಿ ಕೋಚಿಂಗ್ ಇರಲಿ, ಮನೆಯ ಓದಿರಲಿ, ಅಣಕು ಪರೀಕ್ಷೆಗೂ ಒಎಂಆರ್ ಹಾಳೆ ತುಂಬಿಯೇ ರೂಢಿಸಿಕೊಳ್ಳಿ. ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್ ಅನ್ನು ಒಎಂಆರ್‌ನಲ್ಲಿ ಮೊದಲೇ ಗುರುತಿಸಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕದ್ದೂ ಅರ್ಧ ಪಾಲು. ಬೋರ್ಡ್ ಪರೀಕ್ಷೆ ಕಡೆಗಣಿಸಬೇಡಿ. ಗದಗದಿಂದ ಹುಬ್ಬಳ್ಳಿ ಕೇಂದ್ರಕ್ಕೆ ಬರುವವರು ಹಿಂದಿನ ರಾತ್ರಿಯೇ ಬಂದರೆ ಒಳ್ಳೆಯದು.