ಆಲೂಗೆಡ್ಡೆ ಹೊಲದ ಜೇಕು: ಬುಡಸಮೇತ ತೆಗೆಯುವುದು ಹೇಗೆ?

ಹಾಸನದ ಕಡೆ ಆಲೂಗೆಡ್ಡೆ ಕೀಳುವಾಗ ಕೆಲವು ಗೆಡ್ಡೆಗಳಲ್ಲಿ ದಬ್ಬಳದಿಂದ ಚುಚ್ಚಿದಂಥ ತೂತು ಕಾಣುತ್ತದೆ. ಹುಳು ಕೊರೆದಿದೆ ಎಂದು ಔಷಧಿ ತರುವ ಮೊದಲು ಒಂದನ್ನು ಹೆಚ್ಚಿ ನೋಡಿ. ಒಳಗೆ ಜೇಕು ಎಂಬ ಕಳೆಯ ಚೂಪು ತುದಿ ನೇರವಾಗಿ ಹಾದುಹೋಗಿರಬಹುದು. ಶುಂಠಿ ಮಡಿಯ ಪ್ಲಾಸ್ಟಿಕ್ ಹೊದಿಕೆಯನ್ನೂ ಅದು ಹೀಗೆಯೇ ತೂರಿ ಮೇಲೇಳುತ್ತದೆ.

ಗುರುತು ಸುಲಭ. ಹೂವಿನ ಕಡ್ಡಿಯನ್ನು ಬೆರಳುಗಳ ನಡುವೆ ಹೊರಳಿಸಿ. ಮೂರು ಮೂಲೆ ತಾಗಿದರೆ ಜೇಕು. ಬುಡ ಅಗೆದರೆ ಕಪ್ಪುಗಂದು ಗೆಡ್ಡೆ, ಉಜ್ಜಿದರೆ ಘಮ. ಗ್ರಂಥಿಗೆ ಅಂಗಡಿಯ ಕೊನ್ನಾರಿ ಗೆಡ್ಡೆ ಇದೇ.

ಈ ಗೆಡ್ಡೆಗಳು ಮಣ್ಣೊಳಗೆ ಸರದಂತೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಒಂದು ಚಿಗುರಿದರೆ ಸರದ ಉಳಿದವು ಹೆಚ್ಚಾಗಿ ಮಲಗಿಯೇ ಇರುತ್ತವೆ. ರೋಟವೇಟರ್ ಹೊಡೆದಿರೋ, ಸರ ತುಂಡಾಗಿ ಮಲಗಿದ್ದವೂ ಏಳುತ್ತವೆ. ಉತ್ತ ಮೇಲೆ ಜೇಕು ದುಪ್ಪಟ್ಟಾಯಿತು ಎಂಬ ದೂರಿಗೆ ಕಾರಣ ಇದೇ.

ಆದ್ದರಿಂದ ಕೆಲಸ ಬೇಸಿಗೆಯಲ್ಲೇ ಶುರುವಾಗಬೇಕು. ಏಪ್ರಿಲ್‌ನ ಮೊದಲ ಹದಮಳೆ ಬಿದ್ದೊಡನೆ ರೆಕ್ಕೆ ನೇಗಿಲಿನಲ್ಲಿ 20–25 ಸೆಂ.ಮೀ. ಆಳಕ್ಕೆ ಮಗುಚಿ. ಹೆಚ್ಚಿನ ಗೆಡ್ಡೆಗಳು ಮೇಲಿನ 15 ಸೆಂ.ಮೀ.ನಲ್ಲೇ ಇರುತ್ತವೆ. ಹೆಂಟೆಗಳನ್ನು ಒಡೆಯದೆ ಎರಡು ವಾರ ಬಿಸಿಲಿಗೆ ಬಿಡಿ. ಗೆಡ್ಡೆ ಸುಕ್ಕುಗಟ್ಟಿ, ಉಗುರಿಂದ ಒತ್ತಿದರೆ ಮೆದುವಾಗದೆ ಗಟ್ಟಿ ಒಣಗಿರಬೇಕು. ನಡುವೆ ಮಳೆ ಬಂದರೆ ಅರೆ ಒಣಗಿದ್ದು ಮತ್ತೆ ಜೀವ ಹಿಡಿಯುತ್ತದೆ. ಆಗ ಇನ್ನೊಮ್ಮೆ ಮಗುಚಲೇಬೇಕು. ಆಮೇಲೆ ಕುಂಟೆ ಹೊಡೆದು ಆರಿಸಿ ಸುಟ್ಟುಹಾಕಿ. ತಿಪ್ಪೆಗೆ ಮಾತ್ರ ಹಾಕಬೇಡಿ, ಗೊಬ್ಬರದ ಜೊತೆ ಹೊಲಕ್ಕೇ ಮರಳುತ್ತದೆ.

ಬಿತ್ತನೆಯಾದ ಮೇಲೆ 20ನೇ ದಿನಕ್ಕೆ ಮೊದಲ ಕಳೆ, 30–35ನೇ ದಿನಕ್ಕೆ ಎರಡನೆಯದು, ಜೊತೆಗೇ ಮಣ್ಣೇರಿಸುವುದು. ಇದನ್ನು ಮುಂದೂಡಬೇಡಿ. ಚಿಗುರಿದ ಕೆಲವೇ ವಾರದಲ್ಲಿ ಜೇಕು ಹೊಸ ಗೆಡ್ಡೆ ಕಟ್ಟಲು ತೊಡಗುತ್ತದೆ. ಕೈಯಲ್ಲಿ ಎಳೆದರೆ ಗರಿ ಕಿತ್ತು ಬರುತ್ತದೆ, ಗೆಡ್ಡೆ ಅಲ್ಲೇ ಉಳಿಯುತ್ತದೆ; ಕಳೆಗುದ್ದಲಿಯಿಂದ ಬುಡ ಮೀಟಿ ತೆಗೆಯಿರಿ.

ಬಿತ್ತಿದೊಡನೆ ಸಿಂಪಡಿಸುವ ಮೆಟ್ರಿಬುಜಿನ್, ಪೆಂಡಿಮೆಥಾಲಿನ್ ಕಳೆನಾಶಕಗಳು ಬೀಜದಿಂದ ಹುಟ್ಟುವ ಕಳೆಗೆ ಸರಿ, ಗೆಡ್ಡೆಯಿಂದೇಳುವ ಜೇಕನ್ನು ತಡೆಯಲಾರವು.

ಜೇಕಿಗೆ ನೆರಳೆಂದರೆ ಆಗದು. ಆಲೂಗೆಡ್ಡೆ ಕಿತ್ತ ಜಾಗ ಬೀಳು ಬಿಟ್ಟರೆ ಅದಕ್ಕೆ ಹಬ್ಬ. ಎಕರೆಗೆ 10–12 ಕೆ.ಜಿ. ಹುರುಳಿಯನ್ನು ಒತ್ತಾಗಿ ಬಿತ್ತಿ, ನೆಲ ಕಾಣದಂತೆ ಹಬ್ಬಲಿ. ಬಾಡಿಗೆ ಟ್ರ್ಯಾಕ್ಟರ್ ಹೊಲಕ್ಕಿಳಿಯುವ ಮುನ್ನ ನೇಗಿಲಿಗೆ ಮೆತ್ತಿದ ಮಣ್ಣನ್ನು ಬದುವಿನ ಆಚೆಯೇ ಕೆರೆಸಿ.