ಒಂದೇ ಹಾಸು, ಹಲವು ಕೈ: ಮಗ್ಗದ ತರಗತಿಯಲ್ಲಿ ನಾನು ಕಲಿತದ್ದು

ನೇಯ್ಗೆ ಕಲಿಯಬೇಕು ಅನ್ನುವವರಿಗೆಲ್ಲ ನಾನು ಹೇಳುವುದು ಇಷ್ಟೇ. ಆದಷ್ಟೂ ಗುಂಪಿನಲ್ಲಿ ಕಲಿಯಿರಿ. ಅಡ್ಡ ನೂಲು ಒಯ್ಯುವ ಲಾಳಿ ಹಾಯಿಸುವುದನ್ನು ವಿಡಿಯೊ ನೋಡಿಯೂ ಕಲಿಯಬಹುದು, ಅದೇನು ದೊಡ್ಡ ಕಷ್ಟವಿಲ್ಲ. ಆದರೆ ಮಗ್ಗಕ್ಕೆ ಹಾಸು (ಬಟ್ಟೆಯ ಉದ್ದಕ್ಕೆ ಬರುವ ಎಳೆಗಳು) ಏರಿಸುವುದು, ಎಳೆಗಳ ಬಿಗಿ ಎಷ್ಟಿರಬೇಕು ಅನ್ನುವುದು, ನಮ್ಮ ಕೈ ಎಂಥದ್ದು ಅಂತ ನಮಗೇ ತಿಳಿಯುವುದು, ಇವೆಲ್ಲ ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಬೇಗ ಬರುತ್ತವೆ.

ಎಲ್ಲರಿಗೂ ಮೊದಲ ದಿನವೇ ಬಟ್ಟೆ ನೇಯುವ ಆಸೆ. ನಮ್ಮ ಕೈಗೆ ಬಂದದ್ದು ಒಂದು ಸ್ಕೇಲು, ಒಂದು ಉಂಡೆ ಹತ್ತಿ ನೂಲು. ನೂಲನ್ನು ಸ್ಕೇಲಿಗೆ ಸುತ್ತಬೇಕು, ಸುತ್ತುಗಳು ಒಂದಕ್ಕೊಂದು ತಾಗಬೇಕು, ಆದರೆ ಒತ್ತಬಾರದು. ಒಂದು ಇಂಚಿನಲ್ಲಿ 24 ಸುತ್ತು ಕೂತರೆ ಅದರ ಅರ್ಧ, ಅಂದರೆ ಇಂಚಿಗೆ 12 ಎಳೆ ಹಾಸು. ಅರ್ಧ ಯಾಕೆ ಅಂದರೆ, ಸಾದಾ ನೇಯ್ಗೆಯಲ್ಲಿ ಹೊಕ್ಕಿನ ನೂಲು, ಅಂದರೆ ಅಡ್ಡಕ್ಕೆ ಬರುವ ನೂಲು, ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ ಹೀಗೆ ಹಾಯುತ್ತಾ ಹೋಗುತ್ತದೆ, ಪ್ರತಿ ಸಂದಿನಲ್ಲೂ ಅದಕ್ಕೆ ಜಾಗ ಬೇಕಲ್ವಾ? ಓರೆ ಗೆರೆ ಮೂಡುವ ಟ್ವಿಲ್ ನೇಯ್ಗೆಯಲ್ಲಿ ಹೊಕ್ಕು ಎರಡೆರಡು ಎಳೆ ದಾಟುತ್ತದೆ. ಹಾಗಾಗಿ ಅದೇ ನೂಲನ್ನು ಇಂಚಿಗೆ 16ರಷ್ಟು ಒತ್ತಾಗಿ ಹಾಕಬಹುದು. ಉದ್ದದ ಲೆಕ್ಕವೂ ಆಗಲೇ ಆಗಬೇಕು. ಬೇಕಾದ ಬಟ್ಟೆಯ ಉದ್ದ, ಒಗೆದಾಗ ಕುಗ್ಗುವಷ್ಟು, ಜೊತೆಗೆ ಕೊನೆಯಲ್ಲಿ ನೇಯಲು ಆಗದೆ ಮಗ್ಗದಲ್ಲೇ ಉಳಿದುಬಿಡುವ ತುದಿ.

ಆಮೇಲೆ ಗೂಟಗಳಿರುವ ಚೌಕಟ್ಟಿನ ಮೇಲೆ ಹಾಸು ಸುತ್ತುವುದು. ಇದರಲ್ಲಿ ಜೀವಾಳ ಒಂದೇ ಜಾಗ. ಕೊನೆಯ ಎರಡು ಗೂಟಗಳ ನಡುವೆ ನೂಲು ಹೋಗುವಾಗ ಒಂದು ಬದಿಯಿಂದ, ಬರುವಾಗ ಇನ್ನೊಂದು ಬದಿಯಿಂದ ಹಾಯ್ದು ಕತ್ತರಿ ಹಾಕಿಕೊಳ್ಳುತ್ತದೆ. ಯಾವ ಎಳೆಯ ಪಕ್ಕ ಯಾವ ಎಳೆ ಅನ್ನುವ ಸರದಿ ಉಳಿಯುವುದು ಈ ಕತ್ತರಿಯಿಂದಲೇ. ಬೇರೆ ಬಣ್ಣದ ದಾರದಿಂದ ಅದನ್ನು ಭದ್ರವಾಗಿ ಕಟ್ಟದೆ ಚೌಕಟ್ಟಿನಿಂದ ಹಾಸು ತೆಗೆಯಲೇಬೇಡಿ.

ಹಾಸನ್ನು ಮಗ್ಗದ ಹಿಂದಿನ ಉರುಳೆಗೆ ಸುತ್ತುವ ದಿನವೇ ನನಗೆ ಗುಂಪಿನ ಬೆಲೆ ಗೊತ್ತಾಗಿದ್ದು. ಒಬ್ಬರು ಮುಂದೆ ನಿಂತು ಎಳೆಗಳನ್ನೆಲ್ಲ ಎರಡೂ ಕೈಯಲ್ಲಿ ಹಿಡಿದು ಮೈಯ ಭಾರ ಹಿಂದಕ್ಕೆ ಬಿಡುತ್ತಾರೆ. ಇನ್ನೊಬ್ಬರು ಹಿಂದೆ ಉರುಳೆ ತಿರುಗಿಸುತ್ತಾರೆ. ಮೂರನೆಯವರು ಸುತ್ತು ಸುತ್ತಿಗೂ ನಡುವೆ ದಪ್ಪ ಕಾಗದ ಸೇರಿಸುತ್ತಾ ಹೋಗುತ್ತಾರೆ. ಕಾಗದ ಇಲ್ಲದಿದ್ದರೆ ಮೇಲಿನ ಎಳೆಗಳು ಕೆಳಗಿನ ಸುತ್ತಿನ ಸಂದಿಗೆ ಇಳಿದುಬಿಡುತ್ತವೆ, ಆಗ ಒಂದು ಎಳೆ ಉದ್ದ ಇನ್ನೊಂದು ಗಿಡ್ಡ, ನೇಯುವಾಗ ಒಂದು ಸಡಿಲ ಇನ್ನೊಂದು ಬಿಗಿ. ನಡುವೆ ಎಲ್ಲೋ ನೂಲು ಗೋಜಲಾಯಿತು. ಎಲ್ಲರ ಬೆರಳೂ ಬಾಚಲು ಅಲ್ಲಿಗೇ ಹೋದವು. ಕಲಿಸುತ್ತಿದ್ದ ಅಕ್ಕ ಕೂಗಿದರು, "ಬಾಚಬೇಡಿ! ಜಗ್ಗಿ ಒಂದು ಸಲ ಝಾಡಿಸಿ, ಅದೇ ಬಿಡುತ್ತೆ." ಬಾಚಿದರೆ ಕೆಲವು ಎಳೆ ಮಾತ್ರ ಮುಂದೆ ಸರಿದು ಅಲ್ಲೇ ಸಡಿಲ ಬೀಳುತ್ತವೆ. ಜಗ್ಗಿ ಝಾಡಿಸಿದೆವು, ನಿಜವಾಗಿಯೂ ಬಿಟ್ಟುಕೊಂಡಿತು. ಒಬ್ಬರೇ ಇದನ್ನೆಲ್ಲ ಮಾಡಬಾರದು ಅಂತೇನಿಲ್ಲ, ಭಾರ ಕಟ್ಟಿ ಮಾಡುವವರಿದ್ದಾರೆ. ಆದರೆ ಎಳೆಗಳ ಬಿಗಿ ಅಂದರೆ ಏನು ಅನ್ನುವುದು ಆ ಹಾಸನ್ನು ಹಿಡಿದು ನಿಂತಾಗ ಅಂಗೈಗೆ ಗೊತ್ತಾಗುವ ಹಾಗೆ ಬೇರೆ ಎಲ್ಲೂ ಗೊತ್ತಾಗುವುದಿಲ್ಲ.

ಪೆಡಲ್ ತುಳಿದಾಗ ಎಳೆಗಳನ್ನು ಮೇಲೆ ಕೆಳಗೆ ಸರಿಸುವ ಹೀಲ್ಡ್‌ಗಳ ಕಣ್ಣುಗಳಿಗೆ ಎಳೆ ಪೋಣಿಸುವುದು ತಾಳ್ಮೆಯ ಕೆಲಸ, ಅಷ್ಟೆ. ಒಬ್ಬರು "ಒಂದು, ಎರಡು, ಮೂರು, ನಾಲ್ಕು" ಅಂತ ಓದುತ್ತಾರೆ, ಇನ್ನೊಬ್ಬರು ಪೋಣಿಸುತ್ತಾರೆ. ನಾಲ್ಕು ನಾಲ್ಕು ಎಳೆಗೆ ನಿಲ್ಲಿಸಿ ನೋಡಿ, ಸಡಿಲ ಗಂಟು ಹಾಕಿ ಮುಂದೆ ಹೋಗಿ.

ನಮ್ಮ ಮೊದಲ ಹಾಸು ಎಲ್ಲರಿಗೂ ಸೇರಿದ್ದು. ಉದ್ದದ ಒಂದೇ ಹಾಸಿನ ಮೇಲೆ ಸರದಿಯಂತೆ ಒಬ್ಬೊಬ್ಬರು ಒಂದೊಂದು ತುಂಡು ನೇಯಬೇಕು. ಪೆಡಲ್ ತುಳಿದರೆ ಎಳೆಗಳ ನಡುವೆ ಬಾಯಿ ತೆರೆಯುತ್ತದೆ, ಲಾಳಿ ಹಾಯುತ್ತದೆ, ಬಾಚಣಿಗೆಯಂಥ ರೀಡ್ ಇರುವ ಚೌಕಟ್ಟನ್ನು ಎಳೆದು ಒತ್ತುತ್ತೇವೆ. ನೋಡುವುದಕ್ಕೆ ಎಲ್ಲರೂ ಮಾಡಿದ್ದು ಒಂದೇ. ಬಟ್ಟೆ ಮಾತ್ರ ಬೇರೆ ಬೇರೆ! ಒಬ್ಬ ಹುಡುಗನ ಕೈ ಎಷ್ಟು ಭಾರ ಅಂದರೆ ಅವನ ತುಂಡು ಕ್ಯಾನ್ವಾಸಿನಂತೆ ಗಟ್ಟಿ. ಅವನ ನಂತರ ಕೂತ ಹಿರಿಯರೊಬ್ಬರು ಚೌಕಟ್ಟನ್ನು ಸುಮ್ನೆ ಮುಂದಕ್ಕೆ ತಂದು ಮುಟ್ಟಿಸಿ ಬಿಡುತ್ತಿದ್ದರು, ಅವರ ತುಂಡಿನ ಆಚೆಗೆ ಬೆಳಕು ಕಾಣುತ್ತಿತ್ತು. ಸ್ಕೇಲಿಟ್ಟು ಎಣಿಸಿದೆವು. ಹಾಸು ಇಂಚಿಗೆ 12 ಇದ್ದಾಗ ಹೊಕ್ಕೂ 12ರ ಹತ್ತಿರ ಬಂದರೆ ಸಮ ಬಟ್ಟೆ. ನನ್ನ ತುಂಡು ಶುರುವಿನಲ್ಲಿ ಒತ್ತು, ಬರುಬರುತ್ತಾ ಸಮ. ಮನೆಯಲ್ಲಿ ಒಬ್ಬಳೇ ನೇಯ್ದಿದ್ದರೆ ನನ್ನ ಒತ್ತು ಜಾಸ್ತಿ ಅಂತ ಯಾವುದಕ್ಕೆ ಹೋಲಿಸಿ ಹೇಳುತ್ತಿದ್ದೆ?

ಅಂಚಿನ ವಿಷಯವೂ ಹಾಗೇ ಕಲಿತದ್ದು. ಲಾಳಿ ಹಾಯಿಸಿದ ಮೇಲೆ ನೂಲನ್ನು ನೇರ ಎಳೆಯದೆ ಓರೆಯಾಗಿ ಬಿಟ್ಟು ಆಮೇಲೆ ಒತ್ತಬೇಕು. ಹೊಕ್ಕು ಮೇಲೆ ಕೆಳಗೆ ಹಾಯುವುದರಿಂದ ಬಟ್ಟೆಯ ಅಗಲಕ್ಕಿಂತ ಉದ್ದದ ನೂಲು ಅದಕ್ಕೆ ಬೇಕು. ಬಿಗಿಯಾಗಿ ಎಳೆದರೆ ಅಂಚು ಒಳಕ್ಕೆ ಬರುತ್ತದೆ, ಅಂಚಿನ ಎಳೆಗಳು ರೀಡಿಗೆ ಉಜ್ಜಿ ಉಜ್ಜಿ ಕಡಿಯುತ್ತವೆ. ಒಂದು ಎಳೆ ಕಡಿಯಿತು ಕೂಡ. ಹೊಸ ಎಳೆಯನ್ನು ಅದೇ ಕಣ್ಣಿನಲ್ಲಿ, ರೀಡಿನ ಅದೇ ಸಂದಿನಲ್ಲಿ ಪೋಣಿಸಿ, ನೇಯ್ದ ಬಟ್ಟೆಗೆ ಗುಂಡುಪಿನ್ನು ಚುಚ್ಚಿ ಅದಕ್ಕೆ ಸುತ್ತಿ, ಹಿಂದಿನ ತುದಿಗೆ ಸಣ್ಣ ಭಾರ ತೂಗುಬಿಟ್ಟರೆ ಆಯಿತು. ಅದನ್ನು ನೋಡಲು ಇಡೀ ತರಗತಿಯೇ ಆ ಮಗ್ಗದ ಸುತ್ತ ನಿಂತಿತ್ತು. ಒಬ್ಬರ ಎಳೆ ಕಡಿದಾಗ ಎಲ್ಲರೂ ಕಲಿತೆವು.

ಬಟ್ಟೆಯನ್ನು ಕತ್ತರಿಸಿ ಹಂಚುವ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಒಗೆದೆವು. ಒಗೆಯದ ನೇಯ್ಗೆ ಬರೀ ಎಳೆಗಳ ಜಾಲ, ನೀರು ಕುಡಿದ ಮೇಲೆ ನೂಲು ಉಬ್ಬಿ ಒಂದರೊಳಗೊಂದು ಕೂತು ಬಟ್ಟೆಯಾಗುತ್ತದೆ. ತೆಳುವಾಗಿದ್ದ ಆ ಹಿರಿಯರ ತುಂಡು ಎಲ್ಲಕ್ಕಿಂತ ಮೃದುವಾಗಿ ಬಂತು. ನನಗಂತೂ ಅದೇ ಇಷ್ಟವಾಯಿತು.

ತರಗತಿಗೆ ಸೇರುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಹಾಸು ಸುತ್ತಿ ಏರಿಸುವುದನ್ನು ನಮ್ಮ ಕೈಯಲ್ಲೇ ಮಾಡಿಸುತ್ತೀರಾ ಅಂತ. ಕೆಲವು ಕಡೆ ಮಗ್ಗ ಸಿದ್ಧವಾಗಿಯೇ ಇರುತ್ತದೆ, ಕೂತು ಲಾಳಿ ಹಾಯಿಸಿದರೆ ಸಾಕು. ಒಂದು ಮಧ್ಯಾಹ್ನ ಖುಷಿಯಾಗಿ ಕಳೆಯಲು ಅದೂ ಸರಿ. ಮುಂದೆ ನಿಮ್ಮದೇ ಮಗ್ಗ ಇಟ್ಟುಕೊಳ್ಳುವ ಮನಸ್ಸಿದ್ದರೆ ಮಾತ್ರ ಹಾಸು ಏರಿಸುವುದನ್ನು ಕಲಿಸುವ ಕಡೆಗೇ ಹೋಗಿ.